ಕೋಡ್ ಬರೆಯದೆ ಡೇಟಾ ಮೈನಿಂಗ್: ಶಿರಸಿಯ ಅಂಗಡಿ ಲೆಕ್ಕ ನೋಡುತ್ತಾ ಕಲಿತದ್ದು

ನಾನು ಶಿರಸಿಯಲ್ಲಿ ಒಂದು ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಅಲ್ಲಿ ದಿನಸಿಯೂ ಸಿಗುತ್ತದೆ, ತೋಟಕ್ಕೆ ಬೇಕಾದ ಸಾಮಾನೂ ಸಿಗುತ್ತದೆ. ಸಕ್ಕರೆ, ಚಹಾಪುಡಿ, ಅವಲಕ್ಕಿ ಒಂದು ಕಡೆ. ಮೈಲುತುತ್ತ, ಸುಣ್ಣ, ಗೊಬ್ಬರ, ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವ ಪ್ಲಾಸ್ಟಿಕ್ ಇನ್ನೊಂದು ಕಡೆ. ನಾನು ಓದಿದ್ದು ಬಿ.ಕಾಂ. ಕಂಪ್ಯೂಟರಿನಲ್ಲಿ ಗೊತ್ತಿದ್ದದ್ದು ಬಿಲ್ಲಿಂಗ್ ಮತ್ತು ಎಕ್ಸೆಲ್. ಈಗ ನಮ್ಮ ಬಿಲ್ಲುಗಳಲ್ಲಿ ಯಾವ ಸಾಮಾನಿನ ಜೊತೆ ಯಾವುದು ಹೋಗುತ್ತದೆ ಅಂತ ತೆಗೆಯುತ್ತೇನೆ. ಉದ್ರಿ ಪುಸ್ತಕದಿಂದ ಒಂದು ಮಾದರಿ (ಹಳೆಯ ಸಾಲುಗಳಿಂದ ಕಲಿತು ಹೊಸದರ ಉತ್ತರ ಊಹಿಸುವ ಲೆಕ್ಕ) ಕಟ್ಟಿ, ಅದು ನಂಬಿಕೆಗೆ ಯೋಗ್ಯವೋ ಅಲ್ಲವೋ ಅಂತ ಪರೀಕ್ಷೆ ಮಾಡುತ್ತೇನೆ. ಹೀಗೆ ರಾಶಿ ಲೆಕ್ಕದೊಳಗಿಂದ ಉಪಯೋಗದ ಸಂಗತಿ ಹುಡುಕಿ ತೆಗೆಯುವುದಕ್ಕೇ ಡೇಟಾ ಮೈನಿಂಗ್ ಅನ್ನುತ್ತಾರೆ. ಇಷ್ಟಕ್ಕೂ ಒಂದು ಸಾಲು ಕೋಡ್ ಬರೆದಿಲ್ಲ. ಹೇಗೆ ಕಲಿತೆ ಅಂತ ಕೇಳಿದವರಿಗೆ ಬಾಯಲ್ಲಿ ಹೇಳುವಾಗ ಅರ್ಧ ಮರೆತುಹೋಗುತ್ತದೆ, ಹಾಗಾಗಿ ಬರೆದೇ ಇಡುತ್ತಿದ್ದೇನೆ.

ನಾನು ಹೇಳುತ್ತಿರುವುದು ಮಧ್ಯಮ ಮಟ್ಟದ ಕಲಿಕೆ. ಮೊದಲು, ಮಧ್ಯಮ ಮಟ್ಟ ಅಂದರೆ ಏನು ಅಂತ ಗೊತ್ತಿರಬೇಕು. ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಮಾಡಿ ತಿಂಗಳ ಮಾರಾಟದ ಚಿತ್ರ ಬಿಡಿಸುವುದು ಆರಂಭದ ಮಟ್ಟ. ಅದು ಬರುತ್ತಿದ್ದರೆ ಇದನ್ನು ಕಲಿಯಲು ನೀವು ತಯಾರಿದ್ದೀರಿ. ಅದಕ್ಕಿಂತ ಮುಂದಿನದು ಹೀಗಿದೆ: ಒಂದು ಟೇಬಲ್ ಕೈಗೆ ಬಂದರೆ ಅದನ್ನು ಚೊಕ್ಕ ಮಾಡಲು ಬರಬೇಕು, ಅದರಿಂದ ಮಾದರಿ ಕಟ್ಟಲು ಬರಬೇಕು, ಆ ಮಾದರಿ ಅದು ನೋಡದ ಹೊಸ ಸಾಲುಗಳ ಮೇಲೂ ನಿಲ್ಲುತ್ತದೆಯೋ ಅಂತ ನೋಡಲು ಬರಬೇಕು, ನಿಲ್ಲದಿದ್ದರೆ ಯಾಕೆ ಅಂತ ಹುಡುಕಲೂ ಬರಬೇಕು. ಬಟನ್ ಒತ್ತಿದರೆ ಸಾಫ್ಟ್‌ವೇರ್ ಏನಾದರೂ ಒಂದು ಉತ್ತರ ಕೊಟ್ಟೇ ಕೊಡುತ್ತದೆ. ಆ ಉತ್ತರವನ್ನು ಯಾವಾಗ ನಂಬಬಾರದು ಅಂತ ತಿಳಿಯುವುದೇ ಇಲ್ಲಿ ನಿಜವಾದ ಕಲಿಕೆ. ನನ್ನ ಸಮಯದ ಮುಕ್ಕಾಲು ಪಾಲು ಹೋದದ್ದೂ ಅದಕ್ಕೇ.

ನಾನು ಮೊದಲು ದುಡ್ಡು ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ಸೇರಿದ್ದೆ. 'ಏನೂ ಗೊತ್ತಿಲ್ಲದವರಿಗೂ' ಅಂತ ಹಾಕಿದ್ದರು. ಎರಡನೇ ಪಾಠಕ್ಕೇ ಪೈಥಾನ್ ಅನ್ನುವ ಕೋಡ್ ಭಾಷೆ ಶುರುವಾಯಿತು. ಒಂದು ಕಾಮಾ ತಪ್ಪಿದರೆ ಏನೂ ಓಡುತ್ತಿರಲಿಲ್ಲ, ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಮೂರು ವಾರಕ್ಕೆ ಬಿಟ್ಟೆ. ಬಿಟ್ಟದ್ದಕ್ಕೆ ಆಗ ಬೇಜಾರಾಗಿತ್ತು. ಆದರೆ ನನಗೆ ಬೇಕಾದದ್ದು ಪೈಥಾನ್ ಅಲ್ಲ, ನನ್ನ ಬಿಲ್ಲುಗಳಿಗೆ ಉತ್ತರ ಅಂತ ಆಮೇಲೆ ಸ್ಪಷ್ಟವಾಯಿತು. ದುಡ್ಡು ಕಟ್ಟುವ ಮೊದಲು ಕೋರ್ಸಿನ ಪಾಠಗಳ ಪಟ್ಟಿಯನ್ನು ಪೂರ್ತಿ ಓದಿ. ಪೈಥಾನ್, ಆರ್, ಎಸ್‌ಕ್ಯೂಎಲ್ ಅನ್ನುವ ಹೆಸರು ಮೊದಲ ವಾರಗಳಲ್ಲೇ ಕಂಡರೆ ಅದು ಬೇರೆ ದಾರಿ.

ಬೇಕಾದ ಸಾಮಾನು

ಮೂರು ಸಾಫ್ಟ್‌ವೇರ್ ಸಾಕು, ಮೂರೂ ಉಚಿತ. ಮೊದಲನೆಯದು ವೇಕಾ, ಮಾದರಿ ಕಟ್ಟಿ ಪರೀಕ್ಷೆ ಮಾಡಲಿಕ್ಕೆ. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದವರು ಮಾಡಿದ್ದು. ಅಲ್ಲಿ ಮಾತ್ರ ಇರುವ, ಹಾರಲು ಬಾರದ ಒಂದು ಹಕ್ಕಿಯ ಹೆಸರನ್ನೇ ಇಟ್ಟಿದ್ದಾರೆ. ಎರಡನೆಯದು ಆರೆಂಜ್, ಸ್ಲೊವೇನಿಯಾದ ಲ್ಯುಬ್ಲಿಯಾನಾ ವಿಶ್ವವಿದ್ಯಾಲಯದ್ದು. ಇದರಲ್ಲೂ ಅದೇ ಕೆಲಸ, ಆದರೆ ಚಿಕ್ಕ ಚಿಕ್ಕ ಡಬ್ಬಿಗಳನ್ನು ಪರದೆಯ ಮೇಲೆ ಇಟ್ಟು ಒಂದಕ್ಕೊಂದು ಗೆರೆ ಎಳೆದು ಜೋಡಿಸುತ್ತಾ ಹೋಗುವುದು. ಮೂರನೆಯದು ಓಪನ್‌ರಿಫೈನ್, ಕೊಳೆಯಾದ ಟೇಬಲ್ ತೊಳೆಯಲಿಕ್ಕೆ. ಜರ್ಮನಿಯ ಕಾನ್‌ಸ್ಟಾನ್ಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ನೈಮ್ ಅನ್ನುವುದೂ ಇದೆ, ದೊಡ್ಡ ಕೆಲಸಕ್ಕೆ ಒಳ್ಳೆಯದು ಅನ್ನುತ್ತಾರೆ. ನಾನು ತೆರೆದು ನೋಡಿದೆ, ಆದರೆ ಶುರುವಿಗೇ ಅಷ್ಟೊಂದು ಬೇಕಾಗಿಲ್ಲ ಅನ್ನಿಸಿತು.

ಇವು ಮೂರೂ ನಿಮ್ಮ ಕಂಪ್ಯೂಟರಿನೊಳಗೇ ಕೆಲಸ ಮಾಡುತ್ತವೆ. ಒಮ್ಮೆ ಇಳಿಸಿಕೊಂಡರೆ ಆಯಿತು, ಆಮೇಲೆ ಇಂಟರ್‌ನೆಟ್ ಬೇಡ. ನಮ್ಮ ಕಡೆಯ ಜೂನ್, ಜುಲೈ ತಿಂಗಳು ಗೊತ್ತಲ್ವಾ? ಕರೆಂಟು ಹೋದರೆ ಬರುವುದು ಯಾವಾಗಲೋ, ನೆಟ್‌ವರ್ಕ್ ಅಂಗಳದ ತುದಿಗೆ ಹೋದರೆ ಒಂದು ಕಡ್ಡಿ. ನಾನು ಪೇಟೆಯಲ್ಲಿರುವಾಗ ಫೋನಿಗೆ ವಿಡಿಯೋ ಇಳಿಸಿಕೊಂಡು ಮನೆಗೆ ಬಂದು ನೋಡುತ್ತಿದ್ದೆ. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್. ಕೆಲವು ಸಾವಿರ ಸಾಲುಗಳಿಗೆ ವೇಕಾ ಅದರಲ್ಲಿ ಆರಾಮಾಗಿ ಓಡುತ್ತದೆ. ಆರೆಂಜ್ ಸ್ವಲ್ಪ ಏದುಸಿರು ಬಿಡುತ್ತದೆ. 8 ಜಿಬಿ ಇದ್ದರೆ ಒಳ್ಳೆಯದು.

ಕಂಪ್ಯೂಟರಿನೊಳಗೇ ಕೆಲಸ ಆಗುವುದರಿಂದ ಇನ್ನೊಂದು ದೊಡ್ಡ ಉಪಕಾರ ಇದೆ. ಗಿರಾಕಿಗಳ ಲೆಕ್ಕ ಹೊರಗೆ ಎಲ್ಲಿಗೂ ಹೋಗುವುದಿಲ್ಲ. ಯಾವುದೋ ವೆಬ್‌ಸೈಟಿಗೆ ಉದ್ರಿ ಪುಸ್ತಕ ಹಾಕಿ 'ವಿಶ್ಲೇಷಣೆ ಮಾಡಿಕೊಡು' ಅನ್ನಬೇಡಿ. ಜನರ ಮಾಹಿತಿ ಕಾಪಾಡಲು ನಮ್ಮ ದೇಶದಲ್ಲಿ 2023ರಲ್ಲಿ ಕಾನೂನೇ ಆಗಿದೆ. ಕಾನೂನು ಇರಲಿ ಬಿಡಲಿ, ನಂಬಿ ಸಾಲ ತೆಗೆದುಕೊಂಡವರ ಹೆಸರು ಅದು. ಕೆಲಸ ಶುರು ಮಾಡುವ ಮೊದಲೇ ಹೆಸರು, ಫೋನ್ ನಂಬರ್ ಕಾಲಂ ತೆಗೆದು, ಒಂದೊಂದು ಮನೆಗೆ ಒಂದು ಸಂಖ್ಯೆ ಕೊಟ್ಟುಬಿಡಿ.

ಯಾವ ಪಾಠ, ಯಾವ ಕ್ರಮದಲ್ಲಿ

ವೇಕಾ ಮಾಡಿದ ವಿಶ್ವವಿದ್ಯಾಲಯದವರೇ ಪಾಠವನ್ನೂ ಮಾಡಿದ್ದಾರೆ. ಇಯಾನ್ ವಿಟನ್ ಅನ್ನುವ ಪ್ರೊಫೆಸರ್ ಹೇಳಿಕೊಡುತ್ತಾರೆ. 'ಡೇಟಾ ಮೈನಿಂಗ್ ವಿತ್ ವೇಕಾ' ಮೊದಲನೆಯದು, 'ಮೋರ್ ಡೇಟಾ ಮೈನಿಂಗ್ ವಿತ್ ವೇಕಾ' ಎರಡನೆಯದು. ವಿಡಿಯೋಗಳು ಯೂಟ್ಯೂಬಿನಲ್ಲಿ ಉಚಿತವಾಗಿ ಇವೆ. ಒಂದೊಂದರಲ್ಲಿ ಐದು ಭಾಗ, ಒಂದೊಂದು ಭಾಗದಲ್ಲಿ ಆರು ಚಿಕ್ಕ ಪಾಠ. ವಾರಕ್ಕೊಂದು ಭಾಗ ಅಂತ ಅವರ ಲೆಕ್ಕ. ನನಗೆ ಎರಡು ವಾರಕ್ಕೊಂದು ಆಯಿತು, ಮೇ ತಿಂಗಳ ಕೊನೆಯಲ್ಲಂತೂ ಅಂಗಡಿಯ ಗಡಿಬಿಡಿಯಲ್ಲಿ ಪೂರ್ತಿ ನಿಂತಿತು. ಮೂರನೆಯದು ಒಂದಿದೆ, 'ಅಡ್ವಾನ್ಸ್‌ಡ್' ಅಂತ. ಅದರಲ್ಲಿ ಕೋಡ್ ಬರುತ್ತದೆ. ಎರಡಕ್ಕೆ ನಿಲ್ಲಿಸಿದರೆ ಏನೂ ನಷ್ಟ ಇಲ್ಲ.

ಆರೆಂಜಿನವರ ವಿಡಿಯೋಗಳು ಇನ್ನೂ ಚಿಕ್ಕವು. ಕೆಲವರು ಅವುಗಳಿಂದಲೇ ಶುರು ಮಾಡುತ್ತಾರೆ, ನೋಡಲು ಚಂದ ಇವೆ. ಆದರೂ ಮೊದಲು ವೇಕಾ ಮಾಡಿ ಅಂತಲೇ ನನ್ನ ಸಲಹೆ. ವೇಕಾ ನೋಡಲು ಹಳೆಯ ಕಾಲದ್ದು, ಬೂದು ಬಣ್ಣ. ಆದರೆ ವಿಟನ್ ಅವರು ಪ್ರತಿ ಪಾಠದಲ್ಲೂ ಒಂದೇ ವಿಷಯಕ್ಕೆ ಮತ್ತೆ ಮತ್ತೆ ಬರುತ್ತಾರೆ: ಸರಳವಾದದ್ದನ್ನು ಮೊದಲು ಮಾಡಿ ನೋಡಿ, ಬಂದ ಅಂಕಿಯನ್ನು ಸುಮ್ನೆ ನಂಬಬೇಡಿ. ಆ ಅಭ್ಯಾಸ ಕೂತ ಮೇಲೆ ಆರೆಂಜ್ ಒಂದು ವಾರದಲ್ಲಿ ಕೈಗೆ ಹತ್ತುತ್ತದೆ.

ಇಂಗ್ಲಿಷ್ ಕಷ್ಟ ಆಗುವವರು ಕೆಳಗೆ ಅಕ್ಷರ ಹಾಕಿಕೊಂಡು, ವೇಗವನ್ನು 0.75ಕ್ಕೆ ಇಳಿಸಿಕೊಂಡು ನೋಡಿ. ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಎಡಗಡೆ ಅವರ ಪದ, ಬಲಗಡೆ ನನಗೆ ಅರ್ಥವಾದ ಹಾಗೆ. 'ಡಿಸಿಷನ್ ಟ್ರೀ' ಅಂತ ಬಂದಾಗ ಬಲಗಡೆ ಬರೆದದ್ದು 'ಅಡಿಕೆ ಆರಿಸುವವರ ಕಣ್ಣು'. ಹಸಿ ಇದ್ದಾಗ ಸುಲಿದು ಬೇಯಿಸಿದ್ದೋ, ಹಣ್ಣಾಗಿ ಒಣಗಿದ ಮೇಲೆ ಸುಲಿದದ್ದೋ? ಬೇಯಿಸಿದ್ದಾದರೆ ರಾಶಿಯ ಕಡೆ, ಒಣಗಿಸಿದ್ದಾದರೆ ಚಾಲಿಯ ಕಡೆ. ಆಮೇಲೆ ಗಾತ್ರ, ಆಮೇಲೆ ಬಣ್ಣ. ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಾ ಬುಟ್ಟಿ ತುಂಬುವುದು. ಟ್ರೀ ಮಾಡುವುದೂ ಅದನ್ನೇ. 'ಓವರ್‌ಫಿಟಿಂಗ್' ಅನ್ನುವುದಕ್ಕೆ ಬರೆದದ್ದು 'ಒಂದೇ ಮನೆಯ ಅಡಿಕೆ ಆರಿಸಿ ಕಲಿತವಳು'. ಆ ಮನೆಯ ಅಡಿಕೆಯ ಒಂದೊಂದು ಗೆರೆಯೂ ಅವಳಿಗೆ ಗೊತ್ತು, ಬೇರೆ ತೋಟದ ಚೀಲ ಬಿಚ್ಚಿದರೆ ತಪ್ಪುತ್ತಾಳೆ. ನಿಮ್ಮ ಪದಗಳನ್ನು ನೀವೇ ಬರೆದುಕೊಳ್ಳಿ. ಬರೆಯಲು ಬರಲಿಲ್ಲ ಅಂದರೆ ಪಾಠ ಇನ್ನೂ ಅರ್ಥವಾಗಿಲ್ಲ ಅಂತ ತಿಳಿದು ಹಿಂದೆ ಹೋಗಿ.

ಅಣಬೆಯ ಫೈಲ್

ಪಾಠದ ಜೊತೆ ಜೊತೆಗೇ ಕೈಯಲ್ಲಿ ಮಾಡಬೇಕು. ಅದಕ್ಕೆ ಯುಸಿಐ ಅನ್ನುವ ಅಮೆರಿಕದ ವಿಶ್ವವಿದ್ಯಾಲಯದ ಡೇಟಾ ಸಂಗ್ರಹ ಇದೆ, 1987ರಿಂದ ನಡೆದುಕೊಂಡು ಬಂದದ್ದು. ಅದರಲ್ಲಿ 'ಮಶ್ರೂಮ್' ಅನ್ನುವ ಫೈಲನ್ನು ಇಳಿಸಿಕೊಳ್ಳಿ. ನಾನು ಇದರ ಜೊತೆ ಒಂದು ತಿಂಗಳು ಕಳೆದಿದ್ದೇನೆ. ಮಧ್ಯಮ ಮಟ್ಟಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಎಲ್ಲವೂ ಈ ಒಂದು ಫೈಲಿನಲ್ಲಿ ಇದೆ.

ಒಟ್ಟು 8124 ಸಾಲು. ಒಂದೊಂದು ಸಾಲು ಒಂದು ಅಣಬೆ. ಟೋಪಿಯ ಆಕಾರ, ಬಣ್ಣ, ವಾಸನೆ, ಕಾಂಡ ಅಂತ 22 ಗುಣ, ಜೊತೆಗೆ ತಿನ್ನಬಹುದೋ ವಿಷವೋ ಅನ್ನುವ ಉತ್ತರ. ಎಲ್ಲವೂ ಒಂದೊಂದು ಇಂಗ್ಲಿಷ್ ಅಕ್ಷರದಲ್ಲಿ. ಫೈಲಿನಲ್ಲಿ ಮೇಲಿನ ತಲೆಬರಹದ ಸಾಲು ಇರುವುದಿಲ್ಲ. ಮೊದಲು ಅದನ್ನು ಎಕ್ಸೆಲ್ ಅಥವಾ ಲಿಬ್ರೆಆಫೀಸಿನಲ್ಲಿ ತೆರೆದು ಕಾಲಂ ಹೆಸರುಗಳನ್ನು ಸೇರಿಸಿ, ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಸರಳ ಟೇಬಲ್ ಫೈಲ್) ಆಗಿ ಉಳಿಸಿ. ಬೇಸರದ ಕೆಲಸ, ಆದರೆ ಕಾಲಂಗಳ ಪರಿಚಯ ಆಗುವುದು ಆಗಲೇ.

ವೇಕಾದಲ್ಲಿ 'ಎಕ್ಸ್‌ಪ್ಲೋರರ್' ತೆರೆದು ಫೈಲ್ ಹಾಕಿ, 'ಕ್ಲಾಸಿಫೈ' ಅನ್ನುವ ಜಾಗಕ್ಕೆ ಹೋಗಿ. ಇಲ್ಲಿ ಒಂದು ಎಚ್ಚರ. ವೇಕಾ ಯಾವಾಗಲೂ ಕೊನೆಯ ಕಾಲಂ ಅನ್ನೇ ಉತ್ತರ ಅಂತ ತಿಳಿಯುತ್ತದೆ. ಈ ಫೈಲಿನಲ್ಲಿ ಉತ್ತರ ಇರುವುದು ಮೊದಲ ಕಾಲಂನಲ್ಲಿ. ಬದಲಾಯಿಸದೆ ಹೋದರೆ ಅಣಬೆ ಎಲ್ಲಿ ಬೆಳೆಯುತ್ತದೆ ಅನ್ನುವುದನ್ನು ಊಹಿಸುತ್ತಾ ಕೂರುತ್ತದೆ. ನಾನು ಒಂದು ಸಂಜೆ ಪೂರ್ತಿ ಹಾಗೇ ಕಳೆದೆ.

ಈಗ ಮೊದಲು 'ಜೀರೋಆರ್' ಓಡಿಸಿ. ಅದು ಯಾವ ಗುಣವನ್ನೂ ನೋಡುವುದಿಲ್ಲ, ಯಾವುದು ಜಾಸ್ತಿ ಇದೆಯೋ ಅದನ್ನೇ ಎಲ್ಲದಕ್ಕೂ ಹೇಳುತ್ತದೆ. ಫೈಲಿನಲ್ಲಿ ತಿನ್ನಬಹುದಾದವು 4208, ಉಳಿದ 3916 ವಿಷದವು. ಹಾಗಾಗಿ ಎಲ್ಲವನ್ನೂ 'ತಿನ್ನಬಹುದು' ಅಂದರೂ ನೂರಕ್ಕೆ 52ರ ಹತ್ತಿರ ಸರಿ ಬರುತ್ತದೆ. ನಿಮ್ಮ ಮಾದರಿಯನ್ನು ಅಳೆಯಬೇಕಾದದ್ದು ಸೊನ್ನೆಯಿಂದ ಅಲ್ಲ, ಈ 52ರಿಂದ. ಪ್ರತಿ ಹೊಸ ಟೇಬಲ್ಲಿಗೂ ಇದನ್ನು ಮೊದಲು ಮಾಡಿ, ಅಂಕಿಯನ್ನು ನೋಟ್‌ಬುಕ್ಕಿನ ಮೇಲ್ತುದಿಯಲ್ಲಿ ಬರೆಯಿರಿ. ವೇಕಾದ ಜೊತೆಗೇ ಬರುವ ಸಕ್ಕರೆ ಕಾಯಿಲೆಯ ಫೈಲಿನಲ್ಲಿ 768 ಜನರಿದ್ದಾರೆ, 500 ಜನಕ್ಕೆ ಕಾಯಿಲೆ ಇಲ್ಲ. ಅಲ್ಲಿ ಏನೂ ಯೋಚಿಸದೆ 65 ಬರುತ್ತದೆ. ವೇಕಾದ ಟ್ರೀ ಕಷ್ಟಪಟ್ಟು 74ರ ಹತ್ತಿರ ಮುಟ್ಟುತ್ತದೆ. 74 ಅಂತ ಮಾತ್ರ ಕೇಳಿದರೆ ಚೆನ್ನಾಗಿದೆ ಅನ್ನಿಸುತ್ತದೆ, 65ರ ಪಕ್ಕ ಇಟ್ಟರೆ ಅದರ ನಿಜವಾದ ಗಾತ್ರ ಕಾಣುತ್ತದೆ.

ಮತ್ತೆ ಅಣಬೆಗೆ ಬರೋಣ. ಎರಡನೆಯದಾಗಿ 'ವನ್‌ಆರ್' ಓಡಿಸಿ. ಅದು ಒಂದೇ ಒಂದು ಗುಣವನ್ನು ಆರಿಸಿ ಅದರ ಮೇಲೆ ಮಾತ್ರ ನಿರ್ಧಾರ ಮಾಡುತ್ತದೆ. ಇಲ್ಲಿ ಆರಿಸುವುದು ವಾಸನೆ. ಬಾದಾಮಿ ಅಥವಾ ಸೋಂಪಿನ ವಾಸನೆ ಇದ್ದರೆ ತಿನ್ನಬಹುದು. ಕೊಳೆತ ನಾತ, ಮೀನಿನ ನಾತ, ಖಾರದ ವಾಸನೆ ಇದ್ದರೆ ವಿಷ. ವಾಸನೆಯೇ ಇಲ್ಲದಿದ್ದರೆ ತಿನ್ನಬಹುದು. ಇಷ್ಟಕ್ಕೇ ನೂರಕ್ಕೆ 98.5 ಸರಿ. ಮೊದಲ ಸಲ ನೋಡಿದಾಗ ಇನ್ನೇನು ಬೇಕು ಅನ್ನಿಸಿತು.

ಆಮೇಲೆ ಅದರ ಕೆಳಗೆ ಇರುವ 'ಕನ್‌ಫ್ಯೂಷನ್ ಮ್ಯಾಟ್ರಿಕ್ಸ್' ನೋಡಿದೆ. ನಿಜವಾದ ಉತ್ತರವನ್ನೂ ಮಾದರಿ ಹೇಳಿದ ಉತ್ತರವನ್ನೂ ಎದುರುಬದುರು ಇಟ್ಟ ನಾಲ್ಕು ಅಂಕಿಯ ಚಿಕ್ಕ ಟೇಬಲ್ ಅದು. ತಪ್ಪಾದವು 120. ಆ ನೂರಿಪ್ಪತ್ತೂ ಒಂದೇ ಮನೆಯಲ್ಲಿ ಕೂತಿದ್ದವು: ವಿಷದ ಅಣಬೆ, ಮಾದರಿ ಹೇಳಿದ್ದು 'ತಿನ್ನಬಹುದು'. ವಾಸನೆ ಇಲ್ಲದ 3528 ಅಣಬೆಗಳಲ್ಲಿ 3408 ಒಳ್ಳೆಯವು, 120 ವಿಷ. ಒಳ್ಳೆಯದನ್ನು ವಿಷ ಅಂದ ತಪ್ಪು ಒಂದೂ ಇಲ್ಲ. ಅಂದರೆ ಆಗಿರುವ ತಪ್ಪೆಲ್ಲ ಜೀವ ತೆಗೆಯುವ ಕಡೆಗೇ. 98.5 ಅನ್ನುವ ಅಂಕಿ ಇದನ್ನು ಹೇಳುವುದೇ ಇಲ್ಲ. ಆ ದಿನದಿಂದ ನಾನು ಶೇಕಡಾವಾರು ನೋಡುವ ಮೊದಲು ಆ ನಾಲ್ಕು ಮನೆಗಳನ್ನು ನೋಡುತ್ತೇನೆ. ಯಾವ ಕಡೆಯ ತಪ್ಪು ನಮಗೆ ಜಾಸ್ತಿ ದುಬಾರಿ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿರಬೇಕು.

ಮೂರನೆಯದಾಗಿ 'ಜೆ48' ಅನ್ನುವ ಟ್ರೀ ಓಡಿಸಿ. ವಾಸನೆ ಇಲ್ಲದವುಗಳಿಗೆ ಬೀಜಕಣದ ಪುಡಿಯ ಬಣ್ಣ, ಇನ್ನೂ ಕೆಲವು ಗುಣ ಕೇಳಿ ನೂರಕ್ಕೆ ನೂರು ಸರಿ ಮಾಡುತ್ತದೆ. ಹತ್ತು ಪಾಲು ಮಾಡಿ, ಒಂಬತ್ತರಲ್ಲಿ ಕಲಿತು ಹತ್ತನೆಯದರಲ್ಲಿ ಪರೀಕ್ಷೆ ಮಾಡುತ್ತಾ ಹತ್ತು ಸಲ ತಿರುಗುವ 'ಕ್ರಾಸ್ ವ್ಯಾಲಿಡೇಷನ್' ಮಾಡಿದರೂ ಅಷ್ಟೇ ಬರುತ್ತದೆ.

ಹಾಗಾದರೆ ಇದನ್ನು ಹಿಡಿದುಕೊಂಡು ಮಳೆಗಾಲದಲ್ಲಿ ನಮ್ಮ ಬೆಟ್ಟಕ್ಕೆ ಹೋಗಬಹುದಾ? ಖಂಡಿತ ಬೇಡ. ಆ ಫೈಲಿನ ಜೊತೆ ಇರುವ ವಿವರಣೆ ಓದಿ. ಅದು ಉತ್ತರ ಅಮೆರಿಕದ 23 ಜಾತಿ ಅಣಬೆಗಳದ್ದು. ಸಾಲುಗಳೂ ಕಾಡಿನಿಂದ ಕಿತ್ತು ತಂದ ಅಣಬೆಗಳಲ್ಲ, ಒಂದು ಕೈಪಿಡಿಯ ವಿವರಣೆಯಿಂದ ಕಟ್ಟಿದ ಕಾಲ್ಪನಿಕ ಅಣಬೆಗಳು. ಶಿರಸಿಯ ಬೆಟ್ಟದ ಅಣಬೆ ಅದರಲ್ಲಿ ಒಂದೂ ಇಲ್ಲ. ಕ್ರಾಸ್ ವ್ಯಾಲಿಡೇಷನ್ ಹೇಳುವುದು ಅದೇ ತರದ ಹೊಸ ಸಾಲು ಬಂದರೆ ಏನಾಗುತ್ತದೆ ಅಂತ ಮಾತ್ರ. ಬೇರೆ ಊರಿನ, ಬೇರೆ ಜಾತಿಯ ಸಾಲು ಬಂದರೆ ಅದಕ್ಕೆ ಬಾಯಿಲ್ಲ. ಡೇಟಾ ಎಲ್ಲಿಂದ ಬಂತು ಅನ್ನುವ ಆ ಒಂದು ಪುಟದ ವಿವರಣೆಯನ್ನು ಓದದೆ ಯಾವ ಫೈಲನ್ನೂ ಮುಟ್ಟಬೇಡಿ.

ನಿಮ್ಮದೇ ಟೇಬಲ್

ಎರಡು ತಿಂಗಳಾದ ಮೇಲೆ ನಿಮ್ಮ ಸ್ವಂತ ಡೇಟಾ ತೆಗೆದುಕೊಳ್ಳಿ. ಮೊದಲ ಅನುಭವ ಏನೆಂದರೆ, ಅದು ಪಾಠದ ಫೈಲಿನ ಹಾಗೆ ಇರುವುದಿಲ್ಲ. ನಮ್ಮ ಬಿಲ್ಲುಗಳಲ್ಲಿ ಊರಿನ ಕಾಲಂ ನೋಡಿದರೆ ಸಿದ್ದಾಪುರವನ್ನೇ ಇಂಗ್ಲಿಷಿನಲ್ಲಿ ಐದು ತರ ಬರೆದಿತ್ತು. ಎಚ್ ಇದ್ದದ್ದು, ಇಲ್ಲದ್ದು, ಒಂದು ಡಿ, ಎರಡು ಡಿ, ಹಿಂದೆ ಒಂದು ಖಾಲಿ ಜಾಗ. ಶಿರಸಿ ಕೂಡ ಹಾಗೇ.

ಇದಕ್ಕೆ ಓಪನ್‌ರಿಫೈನ್. ಫೈಲ್ ಹಾಕಿ, ಕಾಲಂ ಮೇಲೆ ಒತ್ತಿ 'ಟೆಕ್ಸ್ಟ್ ಫ್ಯಾಸೆಟ್' ತೆಗೆದುಕೊಂಡರೆ ಎಷ್ಟು ತರದ ಬರಹ ಇದೆ ಅಂತ ಎಣಿಸಿ ತೋರಿಸುತ್ತದೆ. ಅಲ್ಲೇ 'ಕ್ಲಸ್ಟರ್' ಅನ್ನುವ ಬಟನ್ ಇದೆ. ಮೊದಲು ಬರುವ ವಿಧಾನ ದೊಡ್ಡಕ್ಷರ ಚಿಕ್ಕಕ್ಷರ, ಚುಕ್ಕೆ, ಖಾಲಿ ಜಾಗ, ಪದಗಳ ಹಿಂದುಮುಂದು, ಇಷ್ಟನ್ನು ಸರಿ ಮಾಡುತ್ತದೆ. ಎಚ್ ಸೇರಿದ ತರದ ವ್ಯತ್ಯಾಸಕ್ಕೆ 'ನಿಯರೆಸ್ಟ್ ನೇಬರ್' ವಿಧಾನಕ್ಕೆ ಬದಲಿಸಿ. ಆದರೆ ಅದು ತೋರಿಸಿದ್ದನ್ನೆಲ್ಲ ಒಟ್ಟಿಗೆ ಒಪ್ಪಬೇಡಿ. ನಮ್ಮ ಕಡೆ ಒಂದಕ್ಷರ ವ್ಯತ್ಯಾಸದ ಬೇರೆ ಬೇರೆ ಊರುಗಳೂ ಇರುತ್ತವೆ. ಒಂದೊಂದಾಗಿ ನೋಡಿ ಸೇರಿಸಿ. ಮೂರು ಸಾವಿರ ಸಾಲಿಗೆ ನನಗೆ ಎರಡು ರಾತ್ರಿ ಹಿಡಿಯಿತು, ಅದು ದಂಡ ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ. ಕನ್ನಡದಲ್ಲಿ ಬರೆದ ಸಾಮಾನಿನ ಹೆಸರು ಕೆಲವು ಸಲ ವೇಕಾದಲ್ಲಿ ಚೌಕ ಚೌಕವಾಗಿ ಕಾಣುತ್ತದೆ. ನಾನು ಸಾಮಾನಿಗೆಲ್ಲ ಚಿಕ್ಕ ಇಂಗ್ಲಿಷ್ ಗುರುತು ಕೊಟ್ಟಿದ್ದೇನೆ.

ಜೊತೆಗೆ ಹೋಗುವ ಸಾಮಾನು

ಅಂಗಡಿಯವರಿಗೆ ಬೇಗ ಉಪಯೋಗಕ್ಕೆ ಬರುವುದು 'ಅಸೋಸಿಯೇಷನ್ ರೂಲ್'. ಒಂದು ಬಿಲ್ಲಿಗೆ ಒಂದು ಸಾಲು, ಒಂದು ಸಾಮಾನಿಗೆ ಒಂದು ಕಾಲಂ ಬರುವ ಹಾಗೆ ಪಿವೋಟ್ ಮಾಡಿ. ಕೊಂಡಿದ್ದರೆ ಒಂದು ಅಕ್ಷರ, ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಬಿಲ್ ನಂಬರಿನ ಕಾಲಂ ಅಳಿಸಿಬಿಡಿ. ಒಂದು ಕೆಜಿ ಸಕ್ಕರೆ, ಐದು ಕೆಜಿ ಸಕ್ಕರೆ ಎಲ್ಲ ಸೇರಿಸಿ 'ಸಕ್ಕರೆ' ಅಂತ ಒಂದೇ ಮಾಡಿ, ಇಲ್ಲದಿದ್ದರೆ ಕಾಲಂಗಳ ಕಾಡಿನಲ್ಲಿ ಕಳೆದುಹೋಗುತ್ತೀರಿ. ವೇಕಾದ 'ಅಸೋಸಿಯೇಟ್' ಜಾಗದಲ್ಲಿ 'ಅಪ್ರಿಯೋರಿ' ಇದೆ. ನಾವು ಬದಲಿಸದಿದ್ದರೆ ಅದು ನೂರಕ್ಕೆ 10 ಬಿಲ್ಲಿಗಿಂತ ಕಡಿಮೆ ಕಡೆ ಇರುವುದನ್ನು ಹುಡುಕುವುದಿಲ್ಲ. ಸಾವಿರ ತರದ ಸಾಮಾನು ಇರುವ ಅಂಗಡಿಗೆ ಅದು ತುಂಬಾ ಜಾಸ್ತಿ, 2ಕ್ಕೆ ಇಳಿಸಿ.

ಇಲ್ಲಿ ಮೂರು ಅಂಕಿ ಅರ್ಥವಾಗಬೇಕು. ಸಾವಿರ ಬಿಲ್ ಇವೆ ಅಂದುಕೊಳ್ಳಿ. ನೂರರಲ್ಲಿ ಮೈಲುತುತ್ತ ಇದೆ, ಆ ನೂರರಲ್ಲಿ 80ರಲ್ಲಿ ಸುಣ್ಣವೂ ಇದೆ. ಒಟ್ಟು ಸುಣ್ಣ ಇರುವ ಬಿಲ್ 120. ಎರಡೂ ಇರುವುದು ಸಾವಿರಕ್ಕೆ 80, ಅಂದರೆ ನೂರಕ್ಕೆ 8; ಇದು 'ಸಪೋರ್ಟ್'. ಮೈಲುತುತ್ತ ಕೊಂಡವರಲ್ಲಿ ನೂರಕ್ಕೆ 80 ಜನ ಸುಣ್ಣ ಕೊಂಡರು, ಇದು 'ಕಾನ್ಫಿಡೆನ್ಸ್'. ಎಲ್ಲ ಬಿಲ್ಲುಗಳಲ್ಲಿ ಸುಣ್ಣ ಇರುವುದು ನೂರಕ್ಕೆ 12 ಮಾತ್ರ. 80ನ್ನು 12ರಿಂದ ಭಾಗಿಸಿದರೆ ಸುಮಾರು 6.7, ಇದು 'ಲಿಫ್ಟ್'. ಅದೇ ಸಾವಿರದಲ್ಲಿ ಸಕ್ಕರೆ 600 ಬಿಲ್ಲಿನಲ್ಲಿ, ಚಹಾಪುಡಿ 200ರಲ್ಲಿ, ಎರಡೂ 120ರಲ್ಲಿ ಇವೆ ಅಂದುಕೊಳ್ಳಿ. ಚಹಾಪುಡಿ ಕೊಂಡವರಲ್ಲಿ ನೂರಕ್ಕೆ 60 ಜನ ಸಕ್ಕರೆ ಕೊಂಡರು ಅಂತ ಕಾಣುತ್ತದೆ. ಆದರೆ ಸಕ್ಕರೆ ಹೇಗೂ ನೂರಕ್ಕೆ 60 ಬಿಲ್ಲಿನಲ್ಲಿ ಇದೆ. ಲಿಫ್ಟ್ ಬರೀ 1. ಅಲ್ಲಿ ಏನೂ ಸಂಬಂಧ ಇಲ್ಲ. ಹಾಗಾಗಿ ಅಪ್ರಿಯೋರಿಯಲ್ಲಿ ಅಳತೆಯನ್ನು ಲಿಫ್ಟ್‌ಗೆ ಬದಲಿಸಿಕೊಳ್ಳಿ.

ನಾನು ಮೊದಲ ಪಟ್ಟಿ ತೆಗೆದು ನಮ್ಮ ಅಂಗಡಿಯ ಹಿರಿಯರಿಗೆ ತೋರಿಸಿದೆ, ನಾನು ಅಣ್ಣ ಅಂತ ಕರೆಯುವವರು. ಮೇಲೆಯೇ ಮೈಲುತುತ್ತ, ಸುಣ್ಣ. "ಬೋರ್ಡೋ ಮಾಡೋಕೆ ಎರಡೂ ಬೇಕಲ್ಲ ತಂಗಿ, ಇದನ್ನ ಹೇಳೋಕೆ ಕಂಪ್ಯೂಟರ್ ಬೇಕಾ?" ಅಂದರು. ಕೊಳೆರೋಗಕ್ಕೆ ಹೊಡೆಯುವ ಔಷಧಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ನನಗೆ ಆ ಸಾಲು ಬೇಕಾಗಿತ್ತು. ಗೊತ್ತಿರುವುದು ಮೇಲೆ ಬಂದಿದೆ ಅಂದರೆ ಟೇಬಲ್ ಸರಿಯಾಗಿ ಕಟ್ಟಿದೆ ಅಂತ ಅರ್ಥ. ಅದು ಬರದೇ ಇದ್ದಿದ್ದರೆ ಪಟ್ಟಿಯ ಉಳಿದ ಯಾವ ಸಾಲನ್ನೂ ನಾನು ನಂಬುತ್ತಿರಲಿಲ್ಲ. ನೀವೂ ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ ಬಂದಿದೆಯಾ ಅಂತ ನೋಡಿ. ಇನ್ನೊಂದು ವಿಷಯ: ಮಾರಿ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯ ತಿಂಗಳ ಬಿಲ್ಲುಗಳನ್ನು ಬೇರೆ ಇಡಿ, ಆ ದಿನಗಳಲ್ಲಿ ಕೊಳ್ಳುವವರೂ ಬೇರೆ, ಕೊಳ್ಳುವುದೂ ಬೇರೆ.

ಒಂದೇ ತರದ ಗಿರಾಕಿಗಳನ್ನು ಗುಂಪು ಮಾಡುವ 'ಕೆ-ಮೀನ್ಸ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆರೆಂಜಿನಲ್ಲಿ ಸುಲಭ. ಮೊತ್ತ ಸಾವಿರಗಳಲ್ಲಿ, ಭೇಟಿ ಹತ್ತರ ಲೆಕ್ಕದಲ್ಲಿ ಇದ್ದರೆ ಎರಡನ್ನೂ ಒಂದೇ ಅಳತೆಗೆ ತಂದುಕೊಳ್ಳಬೇಕು, ಇಲ್ಲದಿದ್ದರೆ ದೊಡ್ಡ ಅಂಕಿಯೇ ಎಲ್ಲ ತೀರ್ಮಾನ ಮಾಡುತ್ತದೆ. ಅಡಿಕೆ ದರದ ಮೇಲೆ ಅಭ್ಯಾಸ ಮಾಡಬೇಕು ಅನ್ನುವವರಿಗೆ ಆಗ್‌ಮಾರ್ಕ್‌ನೆಟ್ ಅನ್ನುವ ಸರ್ಕಾರಿ ತಾಣ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಮಾರುಕಟ್ಟೆಗಳ ಕನಿಷ್ಠ, ಗರಿಷ್ಠ, ಹೆಚ್ಚು ನಡೆದ ದರ ಕ್ವಿಂಟಲ್ ಲೆಕ್ಕದಲ್ಲಿ ಸಿಗುತ್ತದೆ. ಟೇಬಲ್ ಚೊಕ್ಕ ಮಾಡುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ನಾಳೆಯ ದರ ಹೇಳುವ ಮಾದರಿ ಕಟ್ಟಿದರೆ 'ಇವತ್ತಿನ ದರವೇ ನಾಳೆಯದು' ಅನ್ನುವ ಊಹೆಯ ಪಕ್ಕ ಇಟ್ಟು ನೋಡಿ. ನನ್ನದು ಅದನ್ನು ಸೋಲಿಸಲಿಲ್ಲ, ಹಾಗಾಗಿ ಯಾರಿಗೂ ತೋರಿಸಲೂ ಇಲ್ಲ.

ಉದ್ರಿಯ ಲೆಕ್ಕ

ನಾನು ಇದನ್ನೆಲ್ಲ ಶುರು ಮಾಡಿದ್ದೇ ಉದ್ರಿಗಾಗಿ. ಯಾರ ಬಾಕಿ ತಡವಾಗುತ್ತದೆ ಅಂತ ಮೊದಲೇ ಗೊತ್ತಾದರೆ ನಾವು ಸಗಟು ವ್ಯಾಪಾರಿಗೆ ಕೊಡಬೇಕಾದ ಹಣ ಹೊಂದಿಸಲು ಅನುಕೂಲ. 90 ದಿನದೊಳಗೆ ಬಂದರೆ 'ಸಮಯಕ್ಕೆ', ಇಲ್ಲದಿದ್ದರೆ 'ತಡ' ಅಂತ ಉತ್ತರದ ಕಾಲಂ ಮಾಡಿದೆ. ಆರೆಂಜಿನಲ್ಲಿ 'ಫೈಲ್', 'ಟ್ರೀ', 'ಟೆಸ್ಟ್ ಆಂಡ್ ಸ್ಕೋರ್' ಡಬ್ಬಿಗಳನ್ನು ಜೋಡಿಸಿದೆ. ನೂರಕ್ಕೆ 98 ಸರಿ ಬಂತು.

ಖುಷಿಯ ಬದಲು ಅನುಮಾನ ಬಂತು, ಅಣಬೆಯ ಪಾಠದಿಂದ. 'ಟ್ರೀ ವ್ಯೂವರ್' ತೆರೆದು ನೋಡಿದೆ. ಮೊದಲ ಪ್ರಶ್ನೆಯೇ 'ಬಡ್ಡಿ ಹಾಕಿದೆಯಾ?' ನಾವು ಬಡ್ಡಿ ಹಾಕುವುದು ತಡವಾದ ಮೇಲೆ. ಉತ್ತರವೇ ಬೇರೆ ಹೆಸರಿನಲ್ಲಿ ಟೇಬಲ್ಲಿನೊಳಗೆ ಕೂತಿತ್ತು. ಇದಕ್ಕೆ ಅವರು 'ಲೀಕೇಜ್' ಅನ್ನುತ್ತಾರೆ, ಸೋರಿಕೆ. ತಡೆಯುವ ದಾರಿ ಒಂದೇ. ಒಂದೊಂದು ಕಾಲಂ ಮೇಲೆ ಬೆರಳಿಟ್ಟು ಕೇಳಿ: ಸಾಮಾನು ಕೊಟ್ಟ ದಿನ ಇದು ನನಗೆ ಗೊತ್ತಿತ್ತಾ? ಗೊತ್ತಿರಲಿಲ್ಲ ಅಂದರೆ ತೆಗೆಯಿರಿ. ಬಡ್ಡಿ ತೆಗೆದೆ, ಕೊನೆಯ ಕಂತಿನ ದಿನಾಂಕ ತೆಗೆದೆ, ನೆನಪಿನ ಫೋನ್ ಎಷ್ಟು ಸಲ ಮಾಡಿದೆವು ಅನ್ನುವುದನ್ನೂ ತೆಗೆದೆ. ಅಂಕಿ ಇಳಿದು, 'ಎಲ್ಲರೂ ಸಮಯಕ್ಕೆ ಕೊಡುತ್ತಾರೆ' ಅನ್ನುವ ಊಹೆಗಿಂತ ಸ್ವಲ್ಪವೇ ಮೇಲೆ ನಿಂತಿತು.

ಪರೀಕ್ಷೆಯ ಕ್ರಮವನ್ನೂ ಬದಲಿಸಬೇಕಾಯಿತು. ಹತ್ತು ಪಾಲು ಮಾಡಿ ಕಲಸಿದರೆ ಮುಂದಿನ ವರ್ಷ ನೋಡಿ ಹಿಂದಿನ ವರ್ಷ ಊಹಿಸಿದ ಹಾಗೆ ಆಗುತ್ತದೆ. ಆರೆಂಜಿನ 'ಸೆಲೆಕ್ಟ್ ರೋಸ್' ಡಬ್ಬಿಯಲ್ಲಿ ದಿನಾಂಕ ಕೊಟ್ಟು ಹಳೆಯ ವರ್ಷಗಳನ್ನು ಕಲಿಯಲು, ಕೊನೆಯ ವರ್ಷವನ್ನು ಪರೀಕ್ಷೆಗೆ ಅಂತ ಬೇರೆ ಮಾಡಿ.

ಆಮೇಲೆ ಉಳಿದ ಟ್ರೀಯನ್ನು ಕೂತು ಓದಿದೆ. ಈಗ ಮೇಲೆ ಇದ್ದದ್ದು ತಿಂಗಳು. ಜೂನ್, ಜುಲೈಯಲ್ಲಿ ಉದ್ರಿ ತೆಗೆದುಕೊಂಡವರು 'ತಡ'. ಆಗ ನನಗೆ ನನ್ನ ಪ್ರಶ್ನೆಯೇ ತಪ್ಪು ಅಂತ ಗೊತ್ತಾಯಿತು. ಮಳೆ ಶುರುವಾಗುವಾಗ ಔಷಧಿ ಕೊಂಡವರಿಗೆ ದುಡ್ಡು ಬರುವುದು ಗೊನೆ ಕೊಯ್ಲು ಆಗಿ ಅಡಿಕೆ ಮಾರಿದ ಮೇಲೆ. ಅದು 90 ದಿನದಲ್ಲಿ ಹೇಗೆ ಸಾಧ್ಯ? ಟ್ರೀ ಹೇಳುತ್ತಿದ್ದದ್ದು ಜನರ ಗುಣವನ್ನಲ್ಲ, ಅಡಿಕೆಯ ಕಾಲವನ್ನು. ಆ 90 ಅನ್ನುವ ಅಂಕಿಯನ್ನು ನಾನು ಸುಮ್ನೆ ಎಲ್ಲಿಂದಲೋ ತಂದು ಹಾಕಿದ್ದೆ.

ಮತ್ತೊಂದು ಕಾಲಂ ತೆಗೆದೆ, ಊರು. ಅದು ಇದ್ದರೆ ಅಂಕಿ ಸ್ವಲ್ಪ ಚೆನ್ನಾಗಿ ಬರುತ್ತಿತ್ತು. ಆದರೆ ಹತ್ತು ಮನೆಯ ಒಂದು ಊರಿನಲ್ಲಿ ಒಬ್ಬರು ತಡ ಮಾಡಿದರೆ ಉಳಿದ ಒಂಬತ್ತು ಮನೆಯವರನ್ನೂ ಅದು ಅನುಮಾನಿಸುತ್ತಿತ್ತು. ಪಕ್ಕದ ಮನೆಯವರ ಬಾಕಿಗೆ ಇವರ ಸುಣ್ಣ ನಿಲ್ಲಿಸುವುದು ಸರಿಯಲ್ಲ. ಇದು ಲೆಕ್ಕದ ತೀರ್ಮಾನ ಅಲ್ಲ, ನಮ್ಮ ತೀರ್ಮಾನ. ಯಾವ ಸಾಫ್ಟ್‌ವೇರೂ ಇದನ್ನು ಕೇಳುವುದಿಲ್ಲ, ನೀವೇ ಕೇಳಿಕೊಳ್ಳಬೇಕು.

ಈಗ ಅವಧಿಯನ್ನು ಕೊಯ್ಲು ಮುಗಿದ ಮೇಲಿನಿಂದ ಎಣಿಸುತ್ತೇನೆ. ಮಾದರಿ ತಪ್ಪುತ್ತದೆ, ಆದರೆ ಎಲ್ಲಿ ತಪ್ಪುತ್ತದೆ ಅಂತ ಕಾಣುತ್ತದೆ. ಆರೆಂಜಿನ ಕನ್‌ಫ್ಯೂಷನ್ ಮ್ಯಾಟ್ರಿಕ್ಸ್‌ನಲ್ಲಿ ಒಂದು ಮನೆಯ ಮೇಲೆ ಒತ್ತಿದರೆ ಆ ಸಾಲುಗಳು ಮಾತ್ರ ಪಕ್ಕದ 'ಡೇಟಾ ಟೇಬಲ್' ಡಬ್ಬಿಗೆ ಬರುತ್ತವೆ. ತಿಂಗಳಿಗೊಮ್ಮೆ, ಅಂಗಡಿ ಬಾಗಿಲು ಹಾಕಿದ ಮೇಲೆ, ಆ ಪಟ್ಟಿಯನ್ನು ಅಣ್ಣನ ಜೊತೆ ಕೂತು ನೋಡುತ್ತೇನೆ. ಸಮಯಕ್ಕೆ ಬರುತ್ತದೆ ಅಂತ ಮಾದರಿ ಹೇಳಿತ್ತು, ಯಾಕೆ ಬರಲಿಲ್ಲ? ಅಣ್ಣನಿಗೆ ಗೊತ್ತಿರುತ್ತದೆ. ಒಬ್ಬರದು ಬೆಳೆ ಕೊಳೆಗೆ ಹೋಯಿತು. ಇನ್ನೊಬ್ಬರು ದರ ಏರಲಿ ಅಂತ ಚಾಲಿಯನ್ನು ಅಟ್ಟದ ಮೇಲೇ ಇಟ್ಟಿದ್ದಾರೆ. ಅವರು ಹೇಳುತ್ತಾ ಹೋಗುತ್ತಾರೆ, ನಾನು ಒಂದು ಹೊಸ ಕಾಲಂನಲ್ಲಿ ಕಾರಣಗಳನ್ನು ಬರೆಯುತ್ತಾ ಹೋಗುತ್ತೇನೆ.